ಅಲೆಯೇರಿದ ಡ್ಯೂಕ್ ಕಹಾನಮೋಕು

ಹಲಗೆಯ ಮೇಲೆ ನಿಂತು, ಕಡಲ ತೆರೆಯ ಬೆನ್ನೇರಿ ದಡಕ್ಕೆ ಸಾಗಿಬರುವ ವಿದ್ಯೆ ಹವಾಯಿ ದ್ವೀಪಗಳಲ್ಲಿ ಬಹು ಪ್ರಾಚೀನವಾದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಬಹುಮಟ್ಟಿಗೆ ಕ್ಷೀಣಿಸಿತ್ತು. ಅದನ್ನು ಲೋಕದ ಕಡಲುಗಳಿಗೆ ಒಯ್ದವರಲ್ಲಿ ನಾನು ಮೊದಲು ನೆನೆಯುವುದು ಡ್ಯೂಕ್ ಕಹಾನಮೋಕುವನ್ನು.

ಈತ 1890ರಲ್ಲಿ ಹೊನೊಲುಲುವಿನಲ್ಲಿ ಜನಿಸಿದನು. ಡ್ಯೂಕ್ ಎಂಬುದು ಬಿರುದಲ್ಲ, ತಂದೆಯಿಂದ ಬಂದ ಹೆಸರು. ವೈಕೀಕಿಯ ಕಡಲೇ ಈತನ ಪಾಠಶಾಲೆ. 1911ರಲ್ಲಿ ಹೊನೊಲುಲು ಬಂದರಿನಲ್ಲಿ ಈಜಿದ ಈತನ ವೇಗವನ್ನು ದೂರದ ಕ್ರೀಡಾಧಿಕಾರಿಗಳು ನಂಬದೆ ಹೋದರು. ಮರುವರ್ಷ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ 100 ಮೀಟರ್ ಈಜಿನಲ್ಲಿ ಗೆದ್ದ ಚಿನ್ನವೇ ಅವರಿಗೆ ಉತ್ತರವಾಯಿತು. 1914-15ರಲ್ಲಿ ಸಿಡ್ನಿಯ ಫ್ರೆಶ್‌ವಾಟರ್ ತೀರದಲ್ಲಿ, ತಾನೇ ರೂಪಿಸಿದ ಹಲಗೆಯ ಮೇಲೆ ಅಲೆಯೇರಿ ಆಸ್ಟ್ರೇಲಿಯದ ಜನರನ್ನು ಬೆರಗುಗೊಳಿಸಿದನು.

ಈ ಕೀರ್ತಿಗಿಂತಲೂ ಹಿರಿದೆಂದು ನನಗೆ ತೋರುವುದು 1925ರ ಜೂನ್ ತಿಂಗಳ ಒಂದು ದಿನ. ಕ್ಯಾಲಿಫೋರ್ನಿಯದ ನ್ಯೂಪೋರ್ಟ್ ಬಳಿ ಥೆಲ್ಮಾ ಎಂಬ ದೋಣಿ ಭಾರಿ ತೆರೆಗಳಿಗೆ ಸಿಕ್ಕಿ ಮಗುಚಿತು. ದಡದಲ್ಲಿದ್ದ ಡ್ಯೂಕ್ ತನ್ನ ಹಲಗೆಯೊಡನೆ ಮತ್ತೆ ಮತ್ತೆ ಕಡಲಿಗಿಳಿದು 8 ಮಂದಿಯನ್ನು ಬದುಕಿಸಿದನು. 17 ಮಂದಿ ಜಲಸಮಾಧಿಯಾದರು. ಆಟದ ಹಲಗೆ ಪ್ರಾಣರಕ್ಷಕವೂ ಆಗಬಲ್ಲುದೆಂದು ಕಂಡ ಕಡಲತೀರದ ರಕ್ಷಕರು ಮುಂದೆ ಅದನ್ನು ತಮ್ಮ ಸಾಧನವಾಗಿ ಮಾಡಿಕೊಂಡರು.

ಹೊನೊಲುಲುವಿನ ಷೆರೀಫನಾಗಿ ದೀರ್ಘಕಾಲ ಸೇವೆ ಸಲ್ಲಿಸಿದ ಡ್ಯೂಕ್ 1968ರಲ್ಲಿ ತೀರಿಕೊಂಡನು. ಚಿತಾಭಸ್ಮವನ್ನು ವೈಕೀಕಿಯ ಕಡಲಿಗೇ ಅರ್ಪಿಸಿದರು. ಇಂದು ನಮ್ಮ ಮೂಲ್ಕಿಯ ಕಡಲಿನಲ್ಲಿಯೂ ತರುಣರು ಹಲಗೆಯೇರಿ ತೆರೆಗಳೊಡನೆ ಆಡುತ್ತಾರೆ. ಕಡಲನ್ನು ಬಲ್ಲವನ ಬಲ್ಮೆ ಮುಳುಗುವವನ ಕೈಹಿಡಿಯುವುದರಲ್ಲಿ ಸಾರ್ಥಕವೆಂಬ ಈತನ ಬಾಳಿನ ಪಾಠ ಅವರಿಗೂ ಸಲ್ಲತಕ್ಕದ್ದು.