ಉಕ್ಕಿನ ಕಾರ್ಖಾನೆಗೆ ಹೋಗಬೇಕಿದ್ದ ಹೋಮಿ ಭಾಭಾ ಕಣದ ಲೆಕ್ಕ ಹಿಡಿದ ಕಥೆ

1927ರಲ್ಲಿ ಮುಂಬೈನ ಹೋಮಿ ಭಾಭಾ ಕೇಂಬ್ರಿಜ್‌ಗೆ ಹೊರಟಾಗ ಮನೆಯವರ ಯೋಜನೆ ಪಕ್ಕಾ ಆಗಿತ್ತು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಬರೋದು, ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಸೇರೋದು. ಸೋದರತ್ತೆಯ ಗಂಡ ದೊರಾಬ್ಜಿ ಟಾಟಾ ಅವರೇ ಆಗಿದ್ದರಿಂದ ಕೆಲಸದ ಚಿಂತೆ ಇರಲಿಲ್ಲ.

ಹುಡುಗನಿಗೆ ಹಿಡಿದದ್ದು ಭೌತಶಾಸ್ತ್ರದ ಹುಚ್ಚು. ಅಪ್ಪನಿಗೆ ಪತ್ರ ಬರೆದೇಬಿಟ್ಟರು. ಅಪ್ಪ ಸಿಟ್ಟಾಗಲಿಲ್ಲ, ಆದರೆ ಷರತ್ತು ಹಾಕಿದರು: ಎಂಜಿನಿಯರಿಂಗ್ ಫಸ್ಟ್ ಕ್ಲಾಸ್‌ನಲ್ಲಿ ಪಾಸಾದರೆ ಮುಂದಿನ ಓದಿಗೂ ಖರ್ಚು ಕೊಡುವುದಾಗಿ. 1930ರಲ್ಲಿ ಫಸ್ಟ್ ಕ್ಲಾಸ್ ಬಂತು.

ಎಲೆಕ್ಟ್ರಾನ್‌ನ ಪ್ರತಿಕಣ ಪಾಸಿಟ್ರಾನ್ ಪತ್ತೆಯಾದದ್ದು 1932ರಲ್ಲಿ. ಇವೆರಡೂ ಎದುರಾದರೆ ಏನಾಗುತ್ತೆ? ಒಂದನ್ನೊಂದು ಸೆಳೆದು ದಿಕ್ಕು ಬದಲಿಸಬಹುದು. ಇಲ್ಲವೇ ಎರಡೂ ಇಲ್ಲವಾಗಿ ಹೊಸ ಜೋಡಿ ಹುಟ್ಟಬಹುದು. ಕೊನೆಗೆ ನೋಡೋರಿಗೆ ಎರಡೂ ಒಂದೇ ಥರ ಕಾಣುತ್ತೆ, ಆದ್ದರಿಂದ ಎರಡನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಆ ಲೆಕ್ಕ ಹಾಕಿದ್ದು ಭಾಭಾ, 1936ರಲ್ಲಿ ಪ್ರಕಟವಾಯಿತು. ಇವತ್ತಿಗೂ ಅದರ ಹೆಸರು ಭಾಭಾ ಚದುರುವಿಕೆ.

1939ರಲ್ಲಿ ರಜೆಗೆ ಊರಿಗೆ ಬಂದವರನ್ನು ಮಹಾಯುದ್ಧ ಇಲ್ಲೇ ಕಟ್ಟಿಹಾಕಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಸಿ.ವಿ. ರಾಮನ್ ಇದ್ದ ವಿಭಾಗದಲ್ಲಿ, ಕಾಸ್ಮಿಕ್ ಕಿರಣಗಳ ಕೆಲಸ ಶುರುಮಾಡಿದರು. 1945ರಲ್ಲಿ ಅವರ ಟಿಐಎಫ್‌ಆರ್ ಸಂಸ್ಥೆ ಮೊದಲು ಕಣ್ಣುಬಿಟ್ಟದ್ದೂ ಅಲ್ಲೇ, ಮುಂಬೈಗೆ ಹೋದದ್ದು ಆಮೇಲೆ. ಅದೇ ಸಂಸ್ಥೆಯವರು ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಗೆ ಉಪಕರಣ ಇಳಿಸಿದರು. ಚಿನ್ನ ತೆಗೆಯಲು ತೋಡಿದ ಗುಂಡಿಯಲ್ಲಿ, ಎರಡು ಕಿಲೋಮೀಟರಿಗೂ ಕೆಳಗೆ, 1965ರಲ್ಲಿ ವಾತಾವರಣದ ನ್ಯೂಟ್ರಿನೊದ ಗುರುತು ಸಿಕ್ಕಿತು.

ಮರುವರ್ಷ ಜನವರಿ 24. ವಿಯೆನ್ನಾದ ಸಭೆಗೆ ಹೊರಟಿದ್ದ ಭಾಭಾ ಅವರ ಏರ್ ಇಂಡಿಯಾ ವಿಮಾನ ಜಿನೀವಾದಲ್ಲಿ ಇಳಿಯುವ ಮೊದಲೇ ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿಯಿತು. 117 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಿಗೆ ಆಗ 56 ವರ್ಷ, ಮದುವೆ ಆಗಿರಲಿಲ್ಲ.

1989ರಲ್ಲಿ ಅದೇ ಜಿನೀವಾ ಪಕ್ಕದ ನೆಲದಡಿ 27 ಕಿ.ಮೀ. ಸುತ್ತಳತೆಯ ಸುರಂಗದಲ್ಲಿ ಎಲೆಕ್ಟ್ರಾನ್, ಪಾಸಿಟ್ರಾನ್‌ಗಳನ್ನು ಡಿಕ್ಕಿ ಹೊಡೆಸೋ ಯಂತ್ರ ಶುರುವಾಯಿತು. ಅಂಗಡಿಯ ತಕ್ಕಡಿ ಸರಿ ಇದೆಯಾ ಅಂತ ನೋಡಲು ಸೀಲು ಹೊಡೆದ ಬಟ್ಟು ಬೇಕಲ್ಲ, ಹಾಗೆ ಅಲ್ಲಿ ಡಿಕ್ಕಿಗಳ ಪ್ರಮಾಣ ಅಳೆಯಲು ಬಟ್ಟಾಗಿದ್ದು ಭಾಭಾ ಹಾಕಿದ ಲೆಕ್ಕವೇ.