2520: ರಾಮಾನುಜನ್ ಕಂಡುಹಿಡಿದ ‘ವಿಚಿತ್ರ ಸಂಖ್ಯೆ’ಯೇ?

1ರಿಂದ 10ರವರೆಗಿನ ಯಾವ ಸಂಖ್ಯೆಯಿಂದ ಭಾಗಿಸಿದರೂ ಶೇಷ ಉಳಿಯದ 2520 ಎಂಬ ವಿಚಿತ್ರ ಸಂಖ್ಯೆಯನ್ನು ಶ್ರೀನಿವಾಸ ರಾಮಾನುಜನ್ ಕಂಡುಹಿಡಿದರು, ವಾರದ 7 ದಿನ, ತಿಂಗಳ 30 ದಿನ, ವರ್ಷದ 12 ತಿಂಗಳುಗಳನ್ನು ಗುಣಿಸಿದರೂ ಇದೇ ಬರುತ್ತದೆ ಎನ್ನುವ ವಾಟ್ಸ್‌ಆ್ಯಪ್ ಸಂದೇಶ ನಿಮಗೂ ಬಂದಿರಬಹುದು.

ಲೆಕ್ಕ ಸರಿಯಾಗಿದೆ. ಆದರೆ ಇದರಲ್ಲಿ ಕಂಡುಹಿಡಿಯುವಂಥದ್ದು ಏನೂ ಇಲ್ಲ. 1ರಿಂದ 10ರವರೆಗಿನ ಸಂಖ್ಯೆಗಳ ಲ.ಸಾ.ಅ. ತೆಗೆದರೆ, ಅಂದರೆ 8, 9, 5, 7ನ್ನು ಗುಣಿಸಿದರೆ, 2520 ಸಿಗುತ್ತದೆ. ಶಾಲೆಯಲ್ಲಿ ಮಾಡಿದ ಲೆಕ್ಕವೇ ಇದು. ಕ್ಯಾಲೆಂಡರ್‌ ನಂಟಂತೂ ಹೊಂದಿಸಿದ್ದು. ವರ್ಷಕ್ಕಿರುವುದು 360 ದಿನಗಳಲ್ಲ.

ಹಾಗಂತ ರಾಮಾನುಜನ್‌ಗೂ 2520ಕ್ಕೂ ಸಂಬಂಧವೇ ಇಲ್ಲ ಎಂದಲ್ಲ. ಇರುವ ಸಂಬಂಧ ಈ ಸಂದೇಶದಲ್ಲಿ ಹೇಳಿದ್ದಕ್ಕಿಂತ ದೊಡ್ಡದು.

1887ರ ಡಿಸೆಂಬರ್ 22ರಂದು ಈರೋಡ್‌ನಲ್ಲಿ ಹುಟ್ಟಿ ಕುಂಭಕೋಣಂನಲ್ಲಿ ಬೆಳೆದ ಅವರು, ಗಣಿತ ಬಿಟ್ಟು ಬೇರೆ ವಿಷಯಗಳತ್ತ ಗಮನ ಕೊಡದೆ ಕಾಲೇಜಿನ ಸ್ಕಾಲರ್‌ಶಿಪ್ ಕಳೆದುಕೊಂಡರು. ಎಫ್.ಎ. ಪರೀಕ್ಷೆಯಲ್ಲೂ ಫೇಲಾದರು. 1912ರಲ್ಲಿ ಮದ್ರಾಸ್ ಬಂದರಿನಲ್ಲಿ ಗುಮಾಸ್ತರಾದರು. ಸಂಬಳ ತಿಂಗಳಿಗೆ 30 ರೂಪಾಯಿ. ಮರುವರ್ಷ ಕೇಂಬ್ರಿಡ್ಜ್‌ನ ಜಿ.ಎಚ್. ಹಾರ್ಡಿಗೆ ಬರೆದ ಪತ್ರದಿಂದಾಗಿ 1914ರಲ್ಲಿ ಇಂಗ್ಲೆಂಡ್‌ಗೆ ಹಡಗು ಹತ್ತಿದರು.

ಅಲ್ಲಿ 1915ರಲ್ಲಿ ‘ಹೈಲಿ ಕಾಂಪೊಸಿಟ್ ನಂಬರ್ಸ್’ ಎಂಬ ಪ್ರಬಂಧ ಪ್ರಕಟಿಸಿದರು. ಇದನ್ನು ಅತಿ ಸಂಯುಕ್ತ ಸಂಖ್ಯೆಗಳು ಎನ್ನೋಣ. ಒಂದು ಸಂಖ್ಯೆಗಿರುವಷ್ಟು ಅಪವರ್ತನಗಳು ಅದಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಲ್ಲದಿದ್ದರೆ ಅದು ಈ ಗುಂಪಿಗೆ ಸೇರುತ್ತದೆ. 2520ಕ್ಕೆ 48 ಅಪವರ್ತನಗಳಿವೆ. ಅದಕ್ಕಿಂತ ಕೆಳಗಿನ ಯಾವ ಸಂಖ್ಯೆಗೂ ಅಷ್ಟಿಲ್ಲ. ಹಾಗಾಗಿ ಅದೂ ಪಟ್ಟಿಯಲ್ಲಿದೆ, ನೂರಕ್ಕೂ ಹೆಚ್ಚು ಸಂಖ್ಯೆಗಳ ನಡುವೆ ಒಂದಾಗಿ. ಪಟ್ಟಿಯ ಕೊನೆಯ ಸಂಖ್ಯೆ 67,46,32,83,88,800. ಇದರ ಅಪವರ್ತನಗಳು 10,080! ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನೆಲ್ಲ ಕೈಯಲ್ಲೇ ಲೆಕ್ಕ ಹಾಕಿದ್ದರು. ತಪ್ಪಿಹೋದದ್ದು ಒಂದೇ ಒಂದು, 2,93,31,86,25,600. ಅದನ್ನು 23ರಿಂದ ಗುಣಿಸಿ ನೋಡಿ, ಪಟ್ಟಿಯ ಆ ಕೊನೆಯ ಸಂಖ್ಯೆಯೇ ಬರುತ್ತದೆ.

ನಮ್ಮ ಪ್ರಕಾರ ಪಟ್ಟಿಗಿಂತಲೂ ಮುಖ್ಯವಾದದ್ದು, ಇಂಥ ಸಂಖ್ಯೆಗಳ ರಚನೆಯ ಬಗ್ಗೆ ಅವರು ಸಾಧಿಸಿ ತೋರಿಸಿದ ನಿಯಮಗಳು. ಉದಾಹರಣೆಗೆ, ಇವುಗಳನ್ನು ಅವಿಭಾಜ್ಯ ಸಂಖ್ಯೆಗಳಾಗಿ ಬಿಡಿಸಿದರೆ 2ರ ಘಾತ 3ರ ಘಾತಕ್ಕಿಂತ ಎಂದೂ ಕಡಿಮೆ ಇರುವುದಿಲ್ಲ, 3ರದ್ದು 5ರದ್ದಕ್ಕಿಂತ ಕಡಿಮೆ ಇರುವುದಿಲ್ಲ. ಎಫ್.ಎ. ದಾಟದವರಿಗೆ 1916ರಲ್ಲಿ ಕೇಂಬ್ರಿಡ್ಜ್ ಬಿ.ಎ. ಪದವಿ ಕೊಟ್ಟದ್ದು ಈ ಸಂಶೋಧನೆಗೇ.

ಆದರೆ ಪ್ರಬಂಧ ಪೂರ್ತಿ ಅಚ್ಚಾಗಿರಲಿಲ್ಲ. ಲಂಡನ್ ಮ್ಯಾಥಮ್ಯಾಟಿಕಲ್ ಸೊಸೈಟಿಗೆ ಆಗ ಹಣದ ಮುಗ್ಗಟ್ಟು. ಹಾಗಾಗಿ ಕೊನೆಯ ಭಾಗವನ್ನು ಕೈಬಿಡಲಾಯಿತು. ರಾಮಾನುಜನ್ 1919ರಲ್ಲಿ ಕಾಯಿಲೆ ಬಿದ್ದು ಊರಿಗೆ ಮರಳಿ, 1920ರ ಏಪ್ರಿಲ್ 26ರಂದು 32ನೇ ವಯಸ್ಸಿನಲ್ಲಿ ತೀರಿಕೊಂಡರು. ಉಳಿದ ಪುಟಗಳು ಅಚ್ಚಾದದ್ದು 1997ರಲ್ಲಿ.