ಅಡಿಕೆ ಕೊಳೆರೋಗದ ಕಳ್ಳನನ್ನು ಹಿಡಿದ ಕೆನಡಾದ ಕೋಲ್‌ಮನ್ ಸಾಹೇಬ

ಮಳೆಗಾಲ ಹತ್ರ ಬಂತು ಅಂದ್ರೆ ಅಡಿಕೆ ಸೀಮೆಯ ಅಂಗಡಿಗಳಲ್ಲಿ ಮೈಲುತುತ್ತ, ಸುಣ್ಣದ್ದೇ ವ್ಯಾಪಾರ. ಈ ಔಷಧಿ ನಮ್ಮ ತೋಟಕ್ಕೆ ಬರುವುದಕ್ಕೆ ಕಾರಣರಾದವರಲ್ಲಿ ಮುಖ್ಯರು ಲೆಸ್ಲಿ ಕೋಲ್‌ಮನ್. ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊದಲ್ಲಿ. ಜರ್ಮನಿಯಲ್ಲಿ ಡಾಕ್ಟರೇಟ್ ಮುಗಿಸಿ, 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಬೂಸ್ಟು ಮತ್ತು ಕೀಟ, ಎರಡನ್ನೂ ನೋಡಿಕೊಳ್ಳೋ ಹುದ್ದೆ.

ಆಗ ಮಲೆನಾಡಿನ ಬೆಳೆಗಾರರಿಗೆ ಕೊಳೆರೋಗವೇ ದೊಡ್ಡ ಶತ್ರು. ತೊಟ್ಟಿನ ಹತ್ರ ನೀರು ಕುಡಿದಂಥ ಕಡುಹಸಿರು ಕಲೆ, ಆಮೇಲೆ ಬಿಳಿ ಬೂಸ್ಟು, ನೋಡ್ತಾ ನೋಡ್ತಾ ಕಾಯಿ ಉದುರಿ ಮರದ ಬುಡ ತುಂಬುತ್ತಿತ್ತು. ಇದ್ದ ಉಪಾಯ ಒಂದೇ, ಗೊನೆಗೆ ಕೊಟ್ಟೆ ಕಟ್ಟುವುದು. ಮಳೆ ನೀರು ತಾಗದಿದ್ರೆ ಕಾಯಿ ಉಳಿಯುತ್ತೆ ಅನ್ನೋದು ಹಿರಿಯರಿಗೆ ಗೊತ್ತಿತ್ತು. ಯಾಕೆ ಅನ್ನೋದು ಗೊತ್ತಿರಲಿಲ್ಲ.

ಬಿಳಿ ಬೂಸ್ಟು ಕಂಡ ಕೂಡ್ಲೇ ಅದೇ ಕಳ್ಳ ಅನ್ನೋಕಾಗಲ್ಲ. ಸತ್ತ ಮರ, ಕೊಳೆತ ಕಾಯಿ ಮೇಲೆ ಆಮೇಲೆ ಬಂದು ಕೂರುವ ಬೂಸ್ಟುಗಳು ಬೇಕಾದಷ್ಟಿವೆ. ಯಾವುದು ಮೊದಲು ಬಂದದ್ದು, ಯಾವುದು ಊಟಕ್ಕೆ ಬಂದ ನೆಂಟ ಅಂತ ಬೇರೆ ಮಾಡಬೇಕು. ಅದಕ್ಕೆ ಬೀಜಕಣದ ಆಕಾರ ನೋಡ್ಬೇಕು, ಬೇರೆಯಾಗಿ ಬೆಳೆಸ್ಬೇಕು, ಒಳ್ಳೆ ಕಾಯಿಗೆ ಹಚ್ಚಿ ಅದೇ ರೋಗ ಬರುತ್ತಾ ಅಂತ ಕಾಯ್ಬೇಕು.

ಕೋಲ್‌ಮನ್ 1910ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಕಳ್ಳ ಫೈಟಾಫ್ತೊರಾ ಜಾತಿಯದು. ಮೊದಲೇ ಗೊತ್ತಿದ್ದ ಫೈಟಾಫ್ತೊರಾ ಆಮ್ನಿವೊರಾದ ಅಡಿಕೆ ತಳಿ ಅಂತ ಅವರು ಗುರುತಿಸಿದರು. 1913ರಲ್ಲಿ ಐರ್ಲೆಂಡಿನಲ್ಲಿದ್ದ ಪೆಥಿಬ್ರಿಡ್ಜ್ ಅದನ್ನು ಫೈಟಾಫ್ತೊರಾ ಅರೆಕೆ ಅಂತ ಸ್ವತಂತ್ರ ಪ್ರಭೇದ ಮಾಡಿದರು. ಈ ಜೀವಿಯ ಬೀಜಕಣಕ್ಕೆ ಎರಡು ಬಾಲದಂಥ ಎಳೆ, ನೀರಲ್ಲಿ ಈಜುತ್ತೆ. ಮಳೆಹನಿ ಅದಕ್ಕೆ ಬಸ್ಸಿದ್ದ ಹಾಗೆ. ಕೊಟ್ಟೆ ಯಾಕೆ ಕೆಲಸ ಮಾಡ್ತಿತ್ತು ಅಂತ ಇಲ್ಲಿ ಅರ್ಥವಾಗುತ್ತೆ.

ಕಾರಣ ಸಿಕ್ಕಿದ ಮೇಲೆ ಔಷಧಿ ಹೊಸದಾಗಿ ಹುಡುಕಬೇಕಾಗಿರಲಿಲ್ಲ. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಬಳಸುತ್ತಿದ್ದ ಬೋರ್ಡೋ ದ್ರಾವಣವನ್ನೇ ಕೋಲ್‌ಮನ್ ಅಡಿಕೆಗೆ ತಂದರು. ಮಳೆ ಹಿಡಿಯೋ ಮೊದಲೇ ಗೊನೆಗೆ ಬೀಳಬೇಕು, ಕಣ ಮೊಳೆತು ಒಳಗೆ ಹೊಕ್ಕ ಮೇಲೆ ಹೊಡೆದ್ರೆ ದುಡ್ಡು ದಂಡ. ಈಗಲೂ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣದ ಲೆಕ್ಕ. ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿ, ಕೆಂಪು ಬಣ್ಣ ಹತ್ತಿದ್ರೆ ಇನ್ನೂ ಸುಣ್ಣ ಬೇಕು ಅಂತ.

1913ರಲ್ಲಿ ಕೋಲ್‌ಮನ್ ಮೈಸೂರು ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ಸಕ್ಕರೆ ಕಾರ್ಖಾನೆ, ಇವೆಲ್ಲದರ ಹಿಂದೆ ಅವರ ಕೈ ಇದೆ. ಇದರ ಬಗ್ಗೆ ಬೇರೆಯದೇ ಬರೆಯಬಹುದು. ನಿವೃತ್ತಿಯ ನಂತರ ಕೆನಡಾಕ್ಕೆ ಮರಳಿದ ಅವರು 1954ರಲ್ಲಿ ತೀರಿಕೊಂಡರು.

ಇತ್ತೀಚೆಗೆ ವಿಜ್ಞಾನಿಗಳು ಫೈಟಾಫ್ತೊರಾವನ್ನು ನಿಜವಾದ ಬೂಸ್ಟಿನ ಕುಲದಿಂದಲೇ ಹೊರಗಿಟ್ಟಿದ್ದಾರೆ, ಅದು ಪಾಚಿಗಳಿಗೆ ಹತ್ತಿರದ್ದಂತೆ. ಗೊನೆಗೆ ಹೊಡೆಯೋ ಔಷಧಿ ಮಾತ್ರ ಅದೇ ಇದೆ. ಮರದಲ್ಲೇ ಒಣಗಿ ನಿಂತ ಹಳೇ ಗೊನೆಯಲ್ಲಿ ರೋಗ ಮುಂದಿನ ಮಳೆಗೆ ಕಾದು ಕೂತಿರುತ್ತೆ, ಔಷಧಿ ಹೊಡೆಯೋ ಮೊದಲು ಅದನ್ನ ಇಳಿಸಿ ಸುಟ್ಟುಬಿಡಿ.